ನೀಲಿ ದಾರದ ಹೊಲಿಗೆ

ಶಿಬಾತಾದಿಂದ ಮುರಾಕಾಮಿಗೆ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಹಿಡಿಯುವುದಿಲ್ಲ. ಆದರೂ ಆ ಡಿಸೆಂಬರ್ ಬೆಳಿಗ್ಗೆ ಮಿಸಾವೊಗೆ ಅದು ಮುಗಿಯದ ದಾರಿ ಅನ್ನಿಸಿತು. ಅವಳಿಗಿದ್ದದ್ದು ಒಂದು ದಿನ ನಿದ್ದೆ ಕೆಟ್ಟ ಸುಸ್ತಲ್ಲ. ಹನ್ನೊಂದು ವರ್ಷ ಅತ್ತೆಯನ್ನು ಎತ್ತಿ ಕೂರಿಸಿ, ಮಲಗಿಸಿ, ತೊಳೆದು, ಉಣಿಸಿ, ಏಪ್ರಿಲ್‌ನಲ್ಲಿ ಕಳಿಸಿಕೊಟ್ಟ ಮೇಲೆ ಮೂಳೆಯೊಳಗೆ ಉಳಿದುಕೊಂಡ ಸುಸ್ತು. ಎಂಟು ತಿಂಗಳು ಮಲಗಿ ಎದ್ದರೂ ಅದು ಹೋಗಲಿಲ್ಲ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ನಿಮಗೆ ಏನೂ ಇಲ್ಲ ಎಂದಿದ್ದರು. ಏನೂ ಇಲ್ಲದ್ದಕ್ಕೆ ಮದ್ದು ಎಲ್ಲಿ ಸಿಗುತ್ತದೆ?

ಎದುರು ಸೀಟಿನಲ್ಲಿ ಗಂಡ ತೊಕುಜಿ ಕೋಟಿನ ಗುಂಡಿ ಹಾಕಿಕೊಂಡು ನೆಟ್ಟಗೆ ಕೂತಿದ್ದ. ಮೂವತ್ತೆಂಟು ವರ್ಷ ರೈಲಿನಲ್ಲಿ ಗಾರ್ಡಾಗಿದ್ದವನು. ನಿವೃತ್ತಿಯಾಗಿ ಹನ್ನೆರಡು ವರ್ಷವಾದರೂ ಪ್ರತಿ ನಿಲ್ದಾಣ ಬಂದಾಗ ಗಡಿಯಾರ ನೋಡುತ್ತಿದ್ದ. ಒಂದು ನಿಮಿಷ ತಡವಾಗಿದೆ ಎಂದು ಹೇಳಿದ. ಮಿಸಾವೊ ಹೂಂ ಎಂದಳು. ಆ ಮನೆಯಲ್ಲಿ ಮಾತು ಎಂದರೆ ಇಷ್ಟೇ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಆ ಬಂಗಾರವನ್ನು ನಲವತ್ತಮೂರು ವರ್ಷ ಹೊತ್ತವರನ್ನು ಕೇಳಬೇಕು ಅದರ ಭಾರ ಎಷ್ಟು ಎಂದು.

ಅವಳ ಕೈಚೀಲದಲ್ಲಿ ಹಡಗಿನ ಟಿಕೆಟ್ ಇತ್ತು. ಗುರುವಾರ ಮಧ್ಯಾಹ್ನ ನೀಗಾತಾ ಬಂದರಿನಿಂದ ಹೊರಟು ಮರುದಿನ ಓತಾರುಗೆ ಮುಟ್ಟುವ ಹಡಗು. ಅಲ್ಲಿಂದ ಬಸ್ಸು ಹಿಡಿದರೆ ಹೊಕ್ಕೈದೊ ದ್ವೀಪದ ಮಾಶಿಕೆ, ಅವಳ ತವರು. ತಂಗಿ ಇಕುಯೊ ಒಬ್ಬಳೇ ಇದ್ದಾಳೆ, ಬಾ ಅಂದಿದ್ದಾಳೆ. ಹೋಗುವ ಟಿಕೆಟ್ ಮಾತ್ರ ತೆಗೆಸಿದ್ದಳು ಮಿಸಾವೊ. ಬರುವುದನ್ನು ತೆಗೆಸಿರಲಿಲ್ಲ. ಗಂಡನಿಗೆ ಹೇಳಿಯೂ ಇರಲಿಲ್ಲ. ಇವತ್ತಿನ ಊಟದ ಹೊತ್ತಿನಲ್ಲಿ ಅವನು ಒಂದು ಮಾತು ಆಡಿದರೆ ನೋಡೋಣ, ಆಡದಿದ್ದರೆ ಇಲ್ಲ, ಎಂದು ತನ್ನೊಳಗೇ ಗಡುವು ಹಾಕಿಕೊಂಡಿದ್ದಳು. ಆ ಒಂದು ಮಾತಿಗಾಗಿ ಅವಳು ಕಾದದ್ದು ಮದುವೆಯಾದ ವರ್ಷದಿಂದ.

ಊಟಕ್ಕೆ ಹೊರಟದ್ದು ಮುರಾಕಾಮಿಯ ಕಾರಿಗಾನೆಯಾಕ್ಕೆ. ಇನ್ನೂರು ವರ್ಷದಿಂದ ಸಾಲ್ಮನ್ ಮೀನೊಂದನ್ನೇ ನಂಬಿಕೊಂಡು ಬಂದ ಊಟದ ಮನೆ ಅದು. ಮದುವೆಯಾದ ಹೊಸತರಲ್ಲಿ, ಒಂದು ದಿನ ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗ್ತೀನಿ ಎಂದು ತೊಕುಜಿ ಹೇಳಿದ್ದ. ಆ ಒಂದು ದಿನ ಬರುವ ಹೊತ್ತಿಗೆ ಇಬ್ಬರ ಹಲ್ಲೂ ಅರ್ಧ ಹೋಗಿತ್ತು. ಮೂರು ವಾರದ ಹಿಂದೆ ಫೋನ್ ಇಟ್ಟು ಬಂದು, ಮಂಗಳವಾರ ಇಬ್ಬರಿಗೆ ಹೇಳಿದ್ದೀನಿ ಎಂದ. ಯಾಕೆ, ಏನು ಎಂದು ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಮಿಸಾವೊ ಹುಟ್ಟಿದ ಮಾಶಿಕೆಯಲ್ಲಿ ಹುಡುಗಿಯರು ಓದಿನ ಪುಸ್ತಕಕ್ಕಿಂತ ಮೊದಲು ಚೂರಿ ಹಿಡಿಯುತ್ತಿದ್ದರು. ಹದಿನೈದಕ್ಕೆ ಮೀನಿನ ಶೆಡ್ಡಿಗೆ ಸೇರಿದವಳು ಇಪ್ಪತ್ತಕ್ಕೆ ಅಲ್ಲಿನ ಎಲ್ಲರಿಗಿಂತ ಚುರುಕಾಗಿದ್ದಳು. ಸಾಲ್ಮನ್ ಹೊಟ್ಟೆಗೆ ಚೂರಿ ಇಟ್ಟರೆ ಗಂಟಲಿನಿಂದ ಬಾಲದ ಬುಡದವರೆಗೆ ಒಂದೇ ಎಳೆತ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ದಿನಕ್ಕೆ ಇನ್ನೂರು ಮೀನು. ರಜೆಗೆ ಬಂದಿದ್ದ ರೈಲಿನ ಹುಡುಗ ತೊಕುಜಿ ಶೆಡ್ಡಿನ ಬಾಗಿಲಲ್ಲಿ ನಿಂತು ಆ ಕೈಯನ್ನು ನೋಡಿಯೇ ಮರುಳಾಗಿದ್ದು. ಇಪ್ಪತ್ತೈದಕ್ಕೆ ಅವಳು ಅವನ ಕೈಹಿಡಿದು ಮುರಾಕಾಮಿಗೆ ಬಂದಳು, ಒಂದು ಅಕ್ಟೋಬರ್‌ನಲ್ಲಿ.

ಮುರಾಕಾಮಿಯೂ ಸಾಲ್ಮನ್ ಊರೇ. ಆದರೆ ಹಿಂದೆ ಕತ್ತಿ ಹಿಡಿದ ಮನೆತನಗಳು ಬಾಳಿದ ಊರು. ಮಾನ ಹೋದರೆ ತನ್ನ ಹೊಟ್ಟೆಯನ್ನು ತಾನೇ ಸೀಳಿಕೊಂಡು ಸಾಯುವುದು ಎಂದರೆ ಏನೆಂದು ಬಲ್ಲ ಊರು. ಹಾಗಾಗಿ ಅಲ್ಲಿ ಮೀನಿನ ಹೊಟ್ಟೆಯನ್ನು ಕೂಡ ಪೂರ್ತಿ ಸೀಳುವುದಿಲ್ಲ. ಮೇಲೆ ಒಂದು ಸೀಳು, ಕೆಳಗೆ ಒಂದು ಸೀಳು, ನಡುವೆ ಎರಡು ಬೆರಳಗಲ ಹಾಗೇ ಬಿಡುತ್ತಾರೆ. ಕುತ್ತಿಗೆಗೆ ಹಗ್ಗ ಹಾಕಿ ನೇತುಹಾಕುವುದೂ ಇಲ್ಲ. ಬಾಲ ಮೇಲೆ, ತಲೆ ಕೆಳಗೆ. ಅಲ್ಲಿನ ಮಕ್ಕಳಿಗೂ ಗೊತ್ತಿರುವ ಮಾತು ಇದು. ಎಲ್ಲರಿಗೂ ಗೊತ್ತಿರುವ ಮಾತನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಹೊಸ ಸೊಸೆಗೂ ಯಾರೂ ಹೇಳಲಿಲ್ಲ.

ಆ ವರ್ಷ ಡಿಸೆಂಬರ್ ಮೊದಲ ವಾರ ಅತ್ತೆ ಕಿನು ಜ್ವರದಲ್ಲಿ ಮಲಗಿದ್ದಳು. ನದಿಯ ಕಡೆಯ ನೆಂಟರೊಬ್ಬರು ಹೊಸವರ್ಷಕ್ಕೆಂದು ದೊಡ್ಡ ಗಂಡು ಮೀನನ್ನು ತಂದು ಅಡುಗೆಮನೆಯಲ್ಲಿಟ್ಟು ಹೋದರು. ಎರಡು ತಿಂಗಳಿಂದ ಚೂರಿ ಮುಟ್ಟದ ಮಿಸಾವೊಗೆ ಕೈ ತುರಿಸುತ್ತಿತ್ತು. ಅತ್ತೆ ಏಳುವುದರೊಳಗೆ ಕೆಲಸ ಮುಗಿಸಿ ಸೈ ಅನ್ನಿಸಿಕೊಳ್ಳಬೇಕು ಎಂಬ ಆಸೆ ಬೇರೆ. ಒಂದೇ ಎಳೆತಕ್ಕೆ ಗಂಟಲಿನಿಂದ ಬಾಲದವರೆಗೆ ಸೀಳಿದಳು, ತೊಳೆದಳು, ಉಪ್ಪು ತಿಕ್ಕಿದಳು, ಮರದ ತೊಟ್ಟಿಯಲ್ಲಿ ಮಲಗಿಸಿ ಮೇಲೆ ಕಲ್ಲಿಟ್ಟಳು. ಅತ್ತೆಗೆ ಹೇಳಿದಾಗ ಅವಳು ಹಾಸಿಗೆಯಿಂದಲೇ ಮೆಚ್ಚಿ ತಲೆಯಾಡಿಸಿದಳು.

ವಾರ ಕಳೆದು ಉಪ್ಪು ತೊಳೆಯುವ ದಿನ ಬಂತು. ಕೇರಿಯ ಹೆಂಗಸರೆಲ್ಲ ತಮ್ಮ ತಮ್ಮ ಮೀನು ತಂದು ಕಾಲುವೆಯ ಕಟ್ಟೆಯಲ್ಲಿ ಸೇರಿದರು. ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ. ಹೊಸ ಸೊಸೆಯನ್ನು ನೋಡುವುದಕ್ಕೆಂದೇ ಬಂದವರೂ ಇದ್ದರು. ಕಿನು ತನ್ನ ಮನೆಯ ಮೀನನ್ನು ಎತ್ತಿ ನೀರಿಗೆ ಹಿಡಿದಳು. ಹೊಟ್ಟೆಯ ನಡುವೆ, ಎರಡು ಬೆರಳಗಲದ ಜಾಗದಲ್ಲಿ, ಹೊಲಿಗೆ. ಆರು ಹೊಲಿಗೆ, ಒತ್ತಾಗಿ, ಬಿಗಿಯಾಗಿ. ಹೆಂಗಸರು ಬಗ್ಗಿ ನೋಡಿದರು. ಆಮೇಲೆ ಒಬ್ಬಳು ನಕ್ಕಳು. ಆಮೇಲೆ ಎಲ್ಲರೂ.

ಸೀಳಿದ್ದು ತಾನೇ ಎಂದು ಮಿಸಾವೊ ಒಪ್ಪಿಕೊಂಡಳು. ಹೊಲಿದದ್ದು ತಾನಲ್ಲ ಎಂದಳು. ಮನೆಯಲ್ಲಿದ್ದವರು ಮೂವರು. ಮಾವ ತೀರಿಕೊಂಡು ಆರು ವರ್ಷವಾಗಿತ್ತು. ಕಿನು ಜ್ವರದಲ್ಲಿದ್ದಳು, ಗಂಡಸು ಮೀನಿಗೆ ಸೂಜಿ ಹಿಡಿದಾನೆಂದು ಯಾರಿಗೂ ಹೊಳೆಯಲಿಲ್ಲ. ಮತ್ತಾರು ಹೊಲಿದರು? "ಸೀಳಿದ್ದನ್ನ ಕ್ಷಮಿಸ್ತೀನಿ, ಹೊರಗಿನವಳು, ಗೊತ್ತಿರಲಿಲ್ಲ," ಎಂದಳು ಕಿನು, ಎಲ್ಲರ ಎದುರಿಗೆ. "ಮುಚ್ಚಿಟ್ಟು ಸುಳ್ಳು ಹೇಳೋ ಕೈಯಿಂದ ನಮ್ಮನೇಲಿ ಇನ್ಮೇಲೆ ಮೀನು ಕುಯ್ಯೋದು ಬೇಡ."

ಅಂದಿನಿಂದ ನಲವತ್ತಮೂರು ವರ್ಷ ಆ ಮನೆಯಲ್ಲಿ ಮಿಸಾವೊ ಸಾಲ್ಮನ್‌ಗೆ ಚೂರಿ ಇಡಲಿಲ್ಲ. ಕಿನು ಕುಯ್ದಳು, ಅವಳ ಕೈ ನಡುಗತೊಡಗಿದ ಮೇಲೆ ಕುಯ್ದು ಒಣಗಿಸಿದ್ದನ್ನೇ ಅಂಗಡಿಯಿಂದ ತಂದರು. ಕೇರಿಯಲ್ಲಿ ಅವಳಿಗೆ ಹೊಲಿಗೆ ಸೊಸೆ ಎಂದು ಹೆಸರಾಯಿತು.

ಯಾರು ಹೊಲಿದದ್ದು ಎಂದು ಮಿಸಾವೊಗೆ ಕಾಲುವೆಯ ಕಟ್ಟೆಯಲ್ಲೇ ಗೊತ್ತಾಗಿತ್ತು. ದಾರ ಕಡುನೀಲಿ. ರೈಲಿನವರ ಕೋಟಿನ ಗುಂಡಿ ಹೊಲಿಯುವ ದಾರ. ಹಾಸ್ಟೆಲಿನಲ್ಲಿದ್ದ ಅಭ್ಯಾಸಕ್ಕೆ ತೊಕುಜಿ ತನ್ನ ಗುಂಡಿಗಳನ್ನು ತಾನೇ ಹೊಲಿದುಕೊಳ್ಳುತ್ತಿದ್ದ, ಆರು ಹೊಲಿಗೆ ಹಾಕಿ ಗಂಟು. ಬೆಳಗಿನ ಗಾಡಿಗೆ ಹೊರಡುವ ಮೊದಲು ತೊಟ್ಟಿ ತೆಗೆದು ನೋಡಿ, ಹೆಂಡತಿಯನ್ನು ಕಾಪಾಡುತ್ತೇನೆಂದು ಹೊಲಿದಿದ್ದಾನೆ. ಅವಳಿಗೊಂದು ಮಾತು ಹೇಳುವ ಬುದ್ಧಿ ಬರಲಿಲ್ಲ. ಅವತ್ತು ಸಂಜೆ ಮನೆಗೆ ಬಂದು ನಡೆದದ್ದನ್ನು ಕೇಳಿದಾಗಲೂ ತುಟಿ ಪಿಟಕ್ಕೆನ್ನಲಿಲ್ಲ. ಆದರೆ ಮರುದಿನದಿಂದ ತನ್ನ ಗುಂಡಿಗಳನ್ನು ತಾನು ಹೊಲಿದುಕೊಳ್ಳುವುದನ್ನು ಬಿಟ್ಟ. ಕಿತ್ತ ಗುಂಡಿಯನ್ನೂ ಕೋಟನ್ನೂ ಹೆಂಡತಿಯ ಪಕ್ಕ ಇಟ್ಟು ಹೋಗುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಇದಕ್ಕೇ.

ಅವಳು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಗಂಡನೇ ಹೇಳಲಿ, ಅವನ ಬಾಯಿಂದಲೇ ಬರಲಿ ಎಂದು ಕಾದಳು. ಮೊದಲು ಇವತ್ತು ಹೇಳಿಯಾನು, ನಾಳೆ ಹೇಳಿಯಾನು ಎಂದು. ಆಮೇಲೆ ಮಗಳು ಹುಟ್ಟಿದ ಮೇಲೆ. ಆಮೇಲೆ ಮಗಳು ಮದುವೆಯಾಗಿ ಸೆಂದಾಯಿಗೆ ಹೋದ ಮೇಲೆ. ಕೊನೆಗೆ ಅತ್ತೆ ಕಣ್ಣುಮುಚ್ಚಿದ ಮೇಲಾದರೂ. ನಲವತ್ತೊಂಬತ್ತನೆಯ ದಿನದ ಪೂಜೆಯೂ ಮುಗಿಯಿತು. ತೊಕುಜಿ ಬಂದವರಿಗೆಲ್ಲ ಬಗ್ಗಿ ನಮಸ್ಕರಿಸಿ, ನನ್ನ ಹೆಂಡತಿ ಅಮ್ಮನನ್ನು ಚೆನ್ನಾಗಿ ನೋಡಿಕೊಂಡಳು ಎಂದ. ಅದು ಆ ಮಾತಲ್ಲ.

ಮುರಾಕಾಮಿ ಸ್ಟೇಷನ್ನಿನಿಂದ ಹೊರಗೆ ಬಂದರೆ ಕಡಲಿನಿಂದ ಬೀಸುವ ಗಾಳಿ ಮುಖಕ್ಕೆ ಹೊಡೆಯಿತು. ಅದೇ ಗಾಳಿಗೆ ಮೀನು ಒಣಗುವುದು. ಅಂಗಡಿಗಳ, ಮನೆಗಳ ಸೂರಿನ ಕೆಳಗೆ ಸಾಲು ಸಾಲು ಸಾಲ್ಮನ್, ಬಾಲ ಮೇಲಾಗಿ, ಹೊಟ್ಟೆಯ ನಡುವೆ ಎರಡು ಬೆರಳಗಲ ಉಳಿಸಿಕೊಂಡು. ದಾರಿಯಲ್ಲಿ ಅವರ ಹಳೆಯ ಮನೆಯ ಜಾಗ ಸಿಕ್ಕಿತು. ಎಂಟು ವರ್ಷದ ಹಿಂದೆ ಅದನ್ನು ಬಿಟ್ಟು ಶಿಬಾತಾದ ಫ್ಲ್ಯಾಟಿಗೆ ಹೋದದ್ದು, ಅತ್ತೆಯ ಗಾಲಿಕುರ್ಚಿ ಹಳೆಯ ಬಾಗಿಲಿನಲ್ಲಿ ತೂರುವುದಿಲ್ಲ ಎಂದು. ಈಗ ಅಲ್ಲಿ ನಾಲ್ಕು ಕಾರು ನಿಂತಿದ್ದವು. ಇಬ್ಬರೂ ನಿಲ್ಲದೆ ಮುಂದೆ ಹೋದರು. ಮಿಸಾವೊಗೆ ಮಂಡಿ ನೋಯುತ್ತಿತ್ತು. ತೊಕುಜಿ ಎಂದಿನಂತೆ ಮೂರು ಹೆಜ್ಜೆ ಮುಂದೆ ನಡೆದು, ತಿರುಗಿ ನೋಡಿ, ನಿಂತು, ಮತ್ತೆ ಮುಂದೆ ನಡೆಯುತ್ತಿದ್ದ.

ಕಾರಿಗಾನೆಯಾದಲ್ಲಿ ಒಳಗಿನ ಚಾಪೆ ಹಾಸಿದ ಕೋಣೆಯಲ್ಲಿ ಕೂರಿಸಿದರು. ಬಡಿಸಲು ಬಂದವಳು ಅವರಷ್ಟೇ ವಯಸ್ಸಿನ ಹೆಂಗಸು. ಬಗ್ಗಿ ತಟ್ಟೆ ಇಟ್ಟವಳು ತಲೆ ಎತ್ತಿ ದಿಟ್ಟಿಸಿ ನೋಡಿ, ತೊಕುಜಿ ಅಣ್ಣ ಅಲ್ಲವಾ ಎಂದಳು. ಹಳೆಯ ಕೇರಿಯ ಫುಸಾ. ಗಂಡ ಸತ್ತ ಮೇಲೆ ಇಲ್ಲಿಗೆ ಸೇರಿ ಇಪ್ಪತ್ತು ವರ್ಷವಾಯಿತಂತೆ. ಕಿನು ಹೋದ ಸುದ್ದಿ ಕೇಳಿ ಕಣ್ಣೊರೆಸಿಕೊಂಡಳು. ಆಮೇಲೆ ಒಂದರ ಹಿಂದೊಂದು ತಟ್ಟೆ ತರತೊಡಗಿದಳು.

ಅಲ್ಲಿ ಮೀನಿನಲ್ಲಿ ಬಿಸಾಡುವುದು ಎಂದು ಯಾವುದೂ ಇಲ್ಲ. ವರ್ಷವಿಡೀ ಒಣಗಿದ ಮೀನನ್ನು ಕಾಗದದಷ್ಟು ತೆಳುವಾಗಿ ಕೊಯ್ದು ಅಕ್ಕಿಯ ಮದ್ಯದಲ್ಲಿ ನೆನೆಸಿದ್ದು. ಮೂಗಿನ ಮೆಲುಮೂಳೆಯನ್ನು ಹೆಚ್ಚಿ ಮೂಲಂಗಿ, ವಿನೆಗರ್ ಹಾಕಿ ಕಲಸಿದ್ದು. ಹುರಿದ ಹೃದಯ, ಒಂದು ಕಡ್ಡಿಗೆ ನಾಲ್ಕು. ಬಿಸಿ ಅನ್ನದ ಮೇಲೆ ಕೆಂಪು ಮೊಟ್ಟೆ. ಮಿಸಾವೊ ಒಂದೊಂದೂ ತಿಂದಳು. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ನಾಲಿಗೆ ಹೇಳಿದ್ದು ಮನಸ್ಸಿನವರೆಗೆ ಹೋಗುತ್ತಿರಲಿಲ್ಲ, ಅಷ್ಟೇ. ಬೇರೆಯವರು ಬೇಯಿಸಿದ್ದನ್ನು, ನಡುನಡುವೆ ಎದ್ದು ಹೋಗದೆ, ಬಿಸಿ ಇರುವಾಗಲೇ ಉಂಡು ಎಷ್ಟು ಕಾಲವಾಗಿತ್ತೋ. ಗೋಡೆಗೊರಗಿ ಅಲ್ಲೇ ಕಣ್ಣುಮುಚ್ಚಿಬಿಡೋಣ ಅನ್ನಿಸಿತು. ತೊಕುಜಿ ಉಪ್ಪಿನ ಬಗ್ಗೆ ಒಂದು ಮಾತು, ಗಾಳಿಯ ಬಗ್ಗೆ ಒಂದು ಮಾತು ಆಡಿ ಸುಮ್ಮನಾದ. ಊಟ ಮುಕ್ಕಾಲು ಮುಗಿದಿತ್ತು. ಅವಳು ಕೈಚೀಲವನ್ನು ಪಕ್ಕಕ್ಕೆ ಎಳೆದುಕೊಂಡಳು.

ಕೊನೆಗೆ ಫುಸಾ ಸುಟ್ಟ ಉಪ್ಪುಮೀನಿನ ತಟ್ಟೆಗಳನ್ನು ತಂದಳು. ತೊಕುಜಿಯ ತಟ್ಟೆಯಲ್ಲಿ ಮೊದಲ ರೆಕ್ಕೆ ಇತ್ತು: ಕಿವಿರಿನ ಹಿಂದಿನ ರೆಕ್ಕೆ, ಅದಕ್ಕಂಟಿದ ದಪ್ಪ ಮಾಂಸ. ವರ್ಷದ ಕೊನೆಯ ದಿನ ದೇವರಿಗೆ ಇಟ್ಟು, ಆಮೇಲೆ ಮನೆಯ ಯಜಮಾನ ತಿನ್ನುವ ತುಂಡು ಅದು. ಹೆಂಗಸರ ತಟ್ಟೆಗೆ ಅದು ಬರುವುದಿಲ್ಲ.

ಕಿನು ಕೈಲಾಗುವಷ್ಟು ಕಾಲ ಅದನ್ನು ಮಗನ ತಟ್ಟೆಗೆ ತಾನೇ ಹಾಕಿ, ಮುಗಿಸುವವರೆಗೆ ನೋಡುತ್ತಿದ್ದಳು. ಮಾತು ಪೂರ್ತಿ ನಿಂತ ಕೊನೆಯ ವರ್ಷ ಮಾತ್ರ ತೊಕುಜಿ ಅದನ್ನು ತಾಯಿಗೆ ಕೊಡು ಎಂದ. ಮಿಸಾವೊ ಮುಳ್ಳು ಬಿಡಿಸಿ, ಮಾಂಸವನ್ನು ಗಂಜಿಯಲ್ಲಿ ಕಿವುಚಿ, ಚಮಚದಲ್ಲಿ ಬಾಯಿಗೆ ಹಿಡಿದಳು. ಮುದುಕಿ ಚಮಚವನ್ನು ತಳ್ಳಿದಳು. ಮತ್ತೆ ಹಿಡಿದರೆ ಮತ್ತೆ ತಳ್ಳಿದಳು. ಮೂರು ಸಲ. ಗಂಜಿ ಮಿಸಾವೊಳ ಎದೆಯ ಮೇಲೆಲ್ಲ ಚೆಲ್ಲಿತು. ಸಾಕಾಗಿದ್ದ ಮಿಸಾವೊ, ಹಬ್ಬದ ದಿನವೂ ಹಟವಾ ಎಂದು ಬೈದು, ಕೈ ಒತ್ತಿ ಹಿಡಿದು ಉಣಿಸಿದ್ದಳು.

ಮೀನನ್ನು ನೋಡಿದ ಫುಸಾಗೆ ಹಳೆಯದು ನೆನಪಾಯಿತು. ಮಂಡಿಯೂರಿ ಕೂತು ಮಿಸಾವೊಳ ತೋಳು ತಟ್ಟಿದಳು.

"ಏನೇ, ಈಗ್ಲೂ ಮೀನಿಗೆ ಹೊಲಿಗೆ ಹಾಕ್ತೀಯೇನೇ? ನಮ್ಮ ಕೇರೀಲಿ ಉಪ್ಪು ತೊಳೆಯೋ ದಿನ ಇವತ್ತಿಗೂ ನಿನ್ನ ಹೆಸರು ಬರತ್ತೆ ಕಣೆ. ಹುಡುಗೀರಿಗೆ ಚೂರಿ ಕೊಡೋವಾಗ ಸೂಜಿ ಬೇಕಾ ಅಂತ ಕೇಳ್ತೀವಿ."

ಅದರಲ್ಲಿ ಕೆಟ್ಟತನ ಇರಲಿಲ್ಲ. ಹಳೆಯ ನಗು ಅದು, ತೊಳೆದು ತೊಳೆದು ಬಣ್ಣ ಹೋಗಿತ್ತು. ಮಿಸಾವೊ ಎಂದಿನಂತೆ ತುಟಿ ಅಗಲಿಸಿ ನಗುವ ಹಾಗೆ ಮಾಡಿದಳು. ತೊಕುಜಿ ಊಟದ ಕಡ್ಡಿಗಳನ್ನು ಕೆಳಗಿಟ್ಟ.

"ಅದು ನಾನು ಹೊಲಿದದ್ದು," ಎಂದ.

ಫುಸಾಗೆ ಅರ್ಥವಾಗಲಿಲ್ಲ. ಯಾವುದು ಎಂದಳು.

"ಆ ಮೀನು. ಸೀಳಿದ್ದು ಇವಳು, ಹೊಲಿದೋನು ನಾನು. ಗುಂಡಿ ಹೊಲಿಯೋ ದಾರದಲ್ಲಿ. ಇವಳಿಗೆ ಗೊತ್ತೂ ಇರಲಿಲ್ಲ. ಇವಳು ಸುಳ್ಳು ಹೇಳಿರಲಿಲ್ಲ."

ಅವನ ಕಿವಿಗಳು ಕೆಂಪಗಾಗಿದ್ದವು. ಎಪ್ಪತ್ತೆರಡು ವರ್ಷದ ಮುದುಕ, ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗೆ ತಟ್ಟೆಯನ್ನೇ ನೋಡುತ್ತಿದ್ದ. ಫುಸಾ ಒಮ್ಮೆ ಅವನ ಮುಖ, ಒಮ್ಮೆ ಇವಳ ಮುಖ ನೋಡಿದಳು. ಅವಳ ನಗು ಇಳಿದುಹೋಯಿತು.

"ಈಗ ಹೇಳ್ತೀರಾ?" ಎಂದಳು ಮೆಲ್ಲಗೆ. "ಅವತ್ತು ಕಾಲುವೆ ಹತ್ರ ಇವಳು ನಾನಲ್ಲ ನಾನಲ್ಲ ಅಂತ ನಿಂತಿದ್ದಳು. ಮೊದಲು ನಕ್ಕೋಳು ನಾನೇ, ಅಣ್ಣ."

ಅವಳು ಮಿಸಾವೊ ಕಡೆ ತಿರುಗಿ, ಎರಡೂ ಕೈ ಚಾಪೆಯ ಮೇಲೂರಿ, ಹಣೆ ನೆಲಕ್ಕೆ ತಾಗುವ ಹಾಗೆ ಬಗ್ಗಿದಳು. ಎದ್ದು, ಟೀ ತರ್ತೀನಿ ಎಂದು ಹೊರಟುಹೋದಳು.

ನಲವತ್ತಮೂರು ವರ್ಷ ಕಾದ ಮಾತು ಬಂದಿತ್ತು, ಅದೂ ಕೇರಿಯವಳ ಎದುರಿಗೆ. ಹಗುರಾಗಬೇಕಿತ್ತು. ಆಗಲಿಲ್ಲ. ಬಹಳ ದೂರ ಹೊತ್ತು ತಂದ ಹೊರೆಯನ್ನು ಇಳಿಸಿದ ಮೇಲೂ ಹೆಗಲು ನೋಯುತ್ತಲೇ ಇರುತ್ತದಲ್ಲ, ಹಾಗಿತ್ತು.

"ನಂಗೆ ಗೊತ್ತಿತ್ತು," ಎಂದಳು ಮಿಸಾವೊ.

"ಗೊತ್ತಿತ್ತಾ?"

"ದಾರ ನೀಲಿ. ಹೊಲಿಗೆ ಆರು. ಗೊತ್ತಾಗದೆ ಏನು?"

ಮತ್ಯಾಕೆ ಹೇಳಲಿಲ್ಲ ಎಂದು ಅವನು ಕೇಳಿದ. ನೀವು ಹೇಳ್ತೀರಿ ಅಂತ ಕಾದೆ ಎಂದಳು. ತೊಕುಜಿ ಕೆಳಗಿಟ್ಟ ಕಡ್ಡಿಗಳನ್ನು ನೆಟ್ಟಗೆ ಜೋಡಿಸಿದ. ಆಮೇಲೆ, ಇನ್ನೂ ಒಂದಿದೆ, ಅದನ್ನೂ ಹೇಳಿಬಿಡ್ತೀನಿ ಎಂದು ಶುರುಮಾಡಿದ.

ಕಾಲುವೆಯ ಹತ್ತಿರ ನಡೆದದ್ದನ್ನು ಕೇಳಿದ ಮರುದಿನವೇ ಅವನು ತಾಯಿಯ ಮುಂದೆ ಕೂತು ಎಲ್ಲ ಒಪ್ಪಿಕೊಂಡಿದ್ದನಂತೆ. ಕಿನು ಸಿಟ್ಟಾಗಲಿಲ್ಲವಂತೆ. ಗುಂಡಿಗೆಂದು ಆ ದಾರ ತಂದುಕೊಟ್ಟವಳೇ ಅವಳು. ಮೀನು ಎತ್ತಿದಾಗಲೇ ಅವಳಿಗೂ ಗೊತ್ತಾಗಿತ್ತಂತೆ. ಎಲ್ಲರೂ ನೋಡುತ್ತಿದ್ದರು, ಯಾರಾದರೊಬ್ಬರ ಹೆಸರು ಹೇಳಲೇಬೇಕಿತ್ತು. ಆಗ ತಾಯಿ ಆಡಿದ ಮಾತನ್ನು ತೊಕುಜಿ ಅವಳು ಅಂದ ಹಾಗೇ ಹೇಳಿದ: "ನೀನು ಮನೆ ಯಜಮಾನ. ಮೊದಲ ರೆಕ್ಕೆ ತಿನ್ನೋ ಬಾಯಿ. ನಾಲ್ಕು ದಿನ ಅವಳ ಮೇಲಿರಲಿ ಬಿಡು, ಹೊರಗಿನವಳ ತಪ್ಪನ್ನ ಜನ ಬೇಗ ಮರೀತಾರೆ."

ಮರೆಯಲಿಲ್ಲ ಎಂದ ತೊಕುಜಿ. ಹೊತ್ತು ಹೋದ ಹಾಗೆ ತನಗೆ ಬಾಯಿ ಬರಲಿಲ್ಲ ಎಂದ. ಹೆದರಿಕೆ, ಮತ್ತೇನೂ ಇಲ್ಲ ಎಂದ.

ಮಿಸಾವೊಗೆ ಸಿಟ್ಟು ಬಂತು. ಏಪ್ರಿಲ್‌ನಿಂದ ಈಚೆಗೆ ಮೊದಲ ಸಲ ಅವಳ ಮೈಯಲ್ಲಿ ಬಿಸಿ ಎಂಬುದೊಂದು ಹುಟ್ಟಿತು. ಹನ್ನೊಂದು ವರ್ಷ! ಅತ್ತೆ ಬೆನ್ನು ತಿಕ್ಕಿಸಿಕೊಂಡಳು, ಉಗುರು ತೆಗೆಸಿಕೊಂಡಳು, ತಾನು ಸುಳ್ಳಿ ಎಂದು ಕರೆದವಳ ಕೈಯಿಂದ, ಅವಳು ಸುಳ್ಳಿ ಅಲ್ಲವೆಂದು ಬಲ್ಲವಳಾಗಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಸೊಸೆಯ ಕಾಲ ಬರುವ ಹೊತ್ತಿಗೆ ಅತ್ತೆಗೆ ಮಾತೇ ನಿಂತುಹೋಗಿತ್ತು. ಯಾರ ಹತ್ತಿರ ಜಗಳ ಆಡುವುದು? ಬಾಯಿ ಇದ್ದಾಗ ಹೇಳಲಿಲ್ಲ. ಬಾಯಿ ಹೋದ ಮೇಲೆ ಹೇಗೆ ಹೇಳುತ್ತಾಳೆ?

ಅವಳ ಯೋಚನೆ ಅಲ್ಲೇ ನಿಂತಿತು. ಎದುರಿನ ತಟ್ಟೆಯಲ್ಲಿ ಮೊದಲ ರೆಕ್ಕೆ ಆರುತ್ತಾ ಬಿದ್ದಿತ್ತು. ಆ ಚಮಚ. ಮುದುಕಿ ಅದನ್ನು ಪಕ್ಕಕ್ಕೆ ತಳ್ಳಿರಲಿಲ್ಲ, ಕೆಳಕ್ಕೆ ತಳ್ಳಿರಲಿಲ್ಲ. ಬೇಡವಾದ ಗಂಜಿಯನ್ನು ಅವಳು ಯಾವಾಗಲೂ ಬಾಯಿ ಬಿಗಿದು ಮುಖ ತಿರುಗಿಸಿ ಬೇಡವೆನ್ನುತ್ತಿದ್ದಳು. ಅವತ್ತು ಮುಖ ತಿರುಗಿಸಿರಲಿಲ್ಲ. ನಡುಗುವ ಬೆರಳುಗಳಿಂದ ಚಮಚದ ಹಿಡಿ ಹಿಡಿದು ಮೂರು ಸಲವೂ ಮಿಸಾವೊಳ ಬಾಯಿಯ ಕಡೆಗೇ ತಳ್ಳಿದ್ದಳು. ಮೊದಲ ರೆಕ್ಕೆಯನ್ನು. ಮಿಸಾವೊ ಅವಳ ಕೈ ಒತ್ತಿ ಹಿಡಿದಿದ್ದಳು.

ಮಿಸಾವೊ ಅತ್ತಳು. ಸತ್ತ ಮನೆಯಲ್ಲೂ ಅಳದವಳು, ಊಟದ ಮನೆಯಲ್ಲಿ ಕೈ ಒರೆಸುವ ಬಟ್ಟೆಯನ್ನು ಮುಖಕ್ಕೆ ಹಿಡಿದು ಅತ್ತಳು. ತೊಕುಜಿ ಮಂಡಿಯ ಮೇಲೆ ಮುಂದಕ್ಕೆ ಸರಿದ. ತನ್ನ ತಟ್ಟೆಯನ್ನು ಎರಡೂ ಕೈಯಿಂದ ಎತ್ತಿ ಅವಳ ಮುಂದಿಟ್ಟು, ಅವಳದನ್ನು ತಾನು ಎಳೆದುಕೊಂಡ.

ಅವಳು ಮೂಗು ಒರೆಸಿಕೊಂಡು ಅದನ್ನು ತಿಂದಳು. ನಿಧಾನವಾಗಿ, ಮುಳ್ಳು ಬಿಡಿಸಿ, ಚರ್ಮವನ್ನೂ ಬಿಡದೆ. ಉಪ್ಪು ಉಪ್ಪಾಗಿ, ನಾರುನಾರಾಗಿತ್ತು. ಇದಕ್ಕಾ ಇಷ್ಟೆಲ್ಲ ಎಂದಳು.

"ನಂಗೂ ಅದು ಯಾವತ್ತೂ ಹಿಡಿಸಿಲ್ಲ," ಎಂದ ತೊಕುಜಿ. "ಅಮ್ಮ ನೋಡ್ತಾ ಕೂತಿರ್ತಿದ್ದಳು. ಅದಕ್ಕೆ ತಿಂತಿದ್ದೆ."

ಆಮೇಲೆ ಅವಳು ಕೈಚೀಲದಿಂದ ಟಿಕೆಟ್ ತೆಗೆದು ಮೇಜಿನ ಮೇಲಿಟ್ಟಳು. ಅವನು ಅದನ್ನು ಓದಲೇ ಇಲ್ಲ. ಹಡಗಿನ ಕಂಪನಿಯ ಲಕೋಟೆಯನ್ನು ಮೂರು ವಾರದ ಹಿಂದೆ ಕಸದ ಬುಟ್ಟಿಯಲ್ಲಿ ನೋಡಿದ್ದೆ, ಅವತ್ತೇ ಇಲ್ಲಿಗೆ ಫೋನ್ ಮಾಡಿದ್ದು ಎಂದ. ಅವಳಿಗೆ ಅದೂ ನೋವಾಯಿತು. ಬಾಯಿ ಬಿಡಿಸುವುದಕ್ಕೆ ಹಡಗೇ ಬರಬೇಕಾಯಿತಾ ಎಂದಳು. ಹೌದು ಎಂದ. ಮನುಷ್ಯ ಹಾಗೇ. ಇನ್ನೇನು ಹೇಳುವುದು ಅವನ ಬಗ್ಗೆ.

ಹೊರಡುವಾಗ ಫುಸಾ ಹಿತ್ತಿಲ ಬಾಗಿಲಿನಿಂದ ಓಡಿ ಬಂದು ಹಳೆಯ ಪತ್ರಿಕೆಯಲ್ಲಿ ಸುತ್ತಿದ ಉದ್ದದ ಗಂಟೊಂದನ್ನು ಮಿಸಾವೊಳ ಕೈಗೇ ಕೊಟ್ಟಳು. ಬೆಳಿಗ್ಗೆ ನದಿಯಿಂದ ಬಂದ ಗಂಡು ಮೀನು, ಇಡೀದು. ಸಾವಾದ ಮನೆ, ಈ ಸಲ ನಮಗೆ ಹೊಸವರ್ಷ ಇಲ್ಲ ಎಂದಳು ಮಿಸಾವೊ. ಹಬ್ಬ ಇಲ್ಲದಿದ್ದರೆ ಊಟವೂ ಇಲ್ಲವಾ ಎಂದಳು ಫುಸಾ. ಅಷ್ಟಕ್ಕೆ ಮುಗಿಸದೆ ಇನ್ನೊಂದು ಮಾತು ಸೇರಿಸಿದಳು: "ನೀನೇ ಕುಯ್ಯಿ."

ವಾಪಸು ರೈಲಿನಲ್ಲಿ ಇಬ್ಬರೂ ನಿದ್ದೆಹೋದರು, ನಡುವೆ ಮೀನು. ಶಿಬಾತಾ ಬಂದದ್ದು ಹಳೆಯ ಗಾರ್ಡಿಗೂ ಗೊತ್ತಾಗಲಿಲ್ಲ. ಪಕ್ಕದಲ್ಲಿದ್ದ ಶಾಲೆಯ ಹುಡುಗಿಯೊಬ್ಬಳು ಎಬ್ಬಿಸಿದಳು.

ಬುಧವಾರ ಬೆಳಿಗ್ಗೆ ಮಿಸಾವೊ ಬಾಲ್ಕನಿಯಲ್ಲಿ ಹಲಗೆ ಹಾಸಿ ಚೂರಿ ಮಸೆದಳು. ಅವರ ಫ್ಲ್ಯಾಟ್ ಮೊದಲ ಮಹಡಿಯಲ್ಲಿ, ಎದುರಿಗೇ ಬಸ್ ನಿಲ್ದಾಣ. ಆರೇಳು ಜನ ಕಾಯುತ್ತಾ ನಿಂತಿದ್ದರು. ಕೈ ಮರೆತಿರಬಹುದು ಎಂಬ ಅಳುಕು ಇತ್ತು ಅವಳಿಗೆ. ಮರೆತಿರಲಿಲ್ಲ. ಗಂಟಲಿನಲ್ಲಿ ಇಟ್ಟ ಚೂರಿ ಸರ್ರನೆ ಹೊಟ್ಟೆಯ ನಡುವಿಗೆ ಬಂತು. ಅಲ್ಲಿ ಕೈ ತಾನಾಗಿ ನಿಂತಿತು. ಎರಡು ಬೆರಳಗಲ. ವರ್ಷಗಟ್ಟಲೆ ಅತ್ತೆ ಕುಯ್ಯುವುದನ್ನು ಹಿಂದೆ ನಿಂತು ನೋಡಿದವಳ ಕೈ ಅದು. ಒಂದು ಗಳಿಗೆ ಯೋಚಿಸಿ, ಚೂರಿಯನ್ನು ಎತ್ತದೆ ಬಾಲದವರೆಗೂ ಎಳೆದುಬಿಟ್ಟಳು.

ತೊಕುಜಿ ಬಾಗಿಲಲ್ಲಿ ನಿಂತಿದ್ದ. ಅವಳು ಒಳಗೆಲ್ಲ ತೆಗೆದು, ತೊಳೆದು, ಒರೆಸಿ, ತಲೆ ಎತ್ತದೆ ಹೇಳಿದಳು:

"ಸೂಜಿ ದಾರ ತನ್ನಿ. ನೀಲಿದು."

ಅವನು ಹೊಲಿಗೆಯ ಡಬ್ಬಿ ತಂದ. ಕನ್ನಡಕ ಹಾಕಿಕೊಂಡು ಮಂಡಿಯೂರಿ ಕೂತ. ನಾಲ್ಕು ಸಲ ಪೋಣಿಸಲು ನೋಡಿದರೂ ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ. ಮಿಸಾವೊ ಅದನ್ನು ಕಿತ್ತುಕೊಂಡು, ತುದಿ ಕಚ್ಚಿ ಪೋಣಿಸಿ ಕೊಟ್ಟಳು. ಅವನು ನಡುವಿನ ಎರಡು ಬೆರಳಗಲವನ್ನು ಕೂಡಿಸಿ ಹಿಡಿದು ಹೊಲಿಯತೊಡಗಿದ. ಬಸ್ಸಿಗೆ ಕಾಯುತ್ತಿದ್ದವರಲ್ಲಿ ಒಬ್ಬಿಬ್ಬರು ತಲೆ ಎತ್ತಿ ನೋಡಿದರು. ಅವನು ಕಿವಿ ಕೆಂಪು ಮಾಡಿಕೊಂಡು ಹೊಲಿಯುತ್ತಲೇ ಇದ್ದ.

"ನಾಳೆ ಹಡಗಿಗೆ ಹೋಗೋದೇನಾ?" ಎಂದ, ಮೂರನೆಯ ಹೊಲಿಗೆಯಲ್ಲಿ.

"ಹೋಗ್ತೀನಿ. ನಿದ್ದೆ ಮಾಡ್ಬೇಕು ನಾನು. ಬೇರೆಯವರ ಮನೇಲಿ, ಯಾರನ್ನೂ ಕೇಳದೆ."

ಎಷ್ಟು ದಿನ ಎಂದು ಅವನು ಕೇಳಲಿಲ್ಲ. ಆರನೆಯ ಹೊಲಿಗೆ ಹಾಕಿ ಗಂಟು ಬಿಗಿದ. ಅವಳು ಬಗ್ಗಿ ದಾರ ಕಚ್ಚಿ ತುಂಡು ಮಾಡಿ, ಉಪ್ಪಿನ ಬಟ್ಟಲು ಹತ್ತಿರಕ್ಕೆ ಎಳೆದುಕೊಂಡಳು.

"ಒಂದು ವಾರ ಆದ್ಮೇಲೆ ಉಪ್ಪು ತೊಳೀರಿ," ಎಂದಳು. "ಆಮೇಲೆ ಇಲ್ಲೇ ನೇತುಹಾಕಿ, ರಸ್ತೆ ಕಡೆ ಹೊಟ್ಟೆ ಮಾಡಿ. ಯಾರಾದ್ರೂ ಕೇಳ್ತಾರೆ ಹೊಲಿಗೆ ಯಾಕೆ ಅಂತ. ಕೇಳಿದೋರಿಗೆಲ್ಲ ಹೇಳಿ. ಬಂದಾಗ ಎಷ್ಟು ಜನಕ್ಕೆ ಹೇಳಿದ್ರಿ ಅಂತ ಕೇಳ್ತೀನಿ."